ಗೊತ್ತಿರುವ ಪದಗಳೇ ಕೈ ಕೊಡುವುದು

ಡಿಗ್ರಿಯಲ್ಲಿದ್ದಾಗ ಪರೀಕ್ಷೆಯಲ್ಲಿ ‘ಉತ್ಪ್ರೇಕ್ಷಾಲಂಕಾರ ಎಂದರೇನು? ಉದಾಹರಣೆ ಸಹಿತ ವಿವರಿಸಿ’ ಎಂದು ಕೇಳಿದ್ದರು. ಇಷ್ಟು ಸುಲಭದ ಪ್ರಶ್ನೆ ಕೊಟ್ಟಿದ್ದಾರಲ್ಲ ಅಂತ ಖುಷಿಯಾಯಿತು. ಇರುವುದನ್ನು ಇರುವುದಕ್ಕಿಂತ ಜಾಸ್ತಿ ಮಾಡಿ ಹೇಳುವುದೇ ಉತ್ಪ್ರೇಕ್ಷೆ ಎಂದು ಒಂದೂವರೆ ಪುಟ ತುಂಬಿಸಿದೆ. ಬೆಟ್ಟದಷ್ಟು ಅನ್ನ ತಿಂದ ಭೀಮ, ಸಮುದ್ರದಷ್ಟು ಕಣ್ಣೀರು, ಎಲ್ಲಾ ಹಾಕಿದ್ದೆ. ಪೇಪರ್ ವಾಪಸ್ ಬಂದಾಗ ಉತ್ತರದ ಮೇಲೆ ಮೂಲೆಯಿಂದ ಮೂಲೆಗೆ ಒಂದೇ ಒಂದು ಕೆಂಪು ಗೆರೆ. ಪಕ್ಕದಲ್ಲಿ ‘ಇದು ಅತಿಶಯೋಕ್ತಿ’ ಎಂದು ಬರೆದಿತ್ತು.

ಮೇಷ್ಟ್ರು ಹೇಳಿದ್ದು ಸರಿ. ಆದರೆ ನನಗೆ ಇವತ್ತಿಗೂ ಆ ಗೆರೆಯ ಮೇಲೆ ಸ್ವಲ್ಪ ಸಿಟ್ಟಿದೆ. ಯಾಕೆಂದರೆ ಕನ್ನಡ ಮಾತಾಡುವ ಯಾರನ್ನೇ ಕೇಳಿ, ‘ಉತ್ಪ್ರೇಕ್ಷೆ ಮಾಡಬೇಡ’ ಅಂದರೆ ಸುಮ್ನೆ ಬಿಲ್ಡಪ್ ಕೊಡಬೇಡ ಅಂತಲೇ ಅರ್ಥ. ಕ್ಲಾಸಿನಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲ: ಈ ಪದ ನಿಮಗೆ ಗೊತ್ತಿದೆ ಅಂದುಕೊಂಡಿದ್ದೀರಿ, ಆದರೆ ಇಲ್ಲಿ ಅದು ಬೇರೆ.

ಇದೆಲ್ಲ ಈಗ ಮತ್ತೆ ನೆನಪಾಗಿದ್ದು ಅಕ್ಕನ ಮಗಳಿಂದ. ಅವಳು ಬಿಎ ಓದುತ್ತಿದ್ದಾಳೆ, ಐಚ್ಛಿಕ ಕನ್ನಡ. ಪರೀಕ್ಷೆ ಹತ್ತಿರ ಬಂದಿದೆ ಎಂದು ಫೋನ್ ಮಾಡಿ ಪಾರಿಭಾಷಿಕ ಪದಗಳ ಪಟ್ಟಿ ಹಿಡಿದು ಕೂತಳು. ತಮಾಷೆ ಏನೆಂದರೆ ಕಷ್ಟದ ಪದಗಳಲ್ಲಿ ಅವಳಿಗೆ ತೊಂದರೆಯೇ ಇಲ್ಲ. ಅಪಹ್ನುತಿ, ಅರ್ಥಾಂತರನ್ಯಾಸ, ವ್ಯಭಿಚಾರಿ ಭಾವ, ಎಲ್ಲ ಕಂಠಪಾಠ. ಅಪರಿಚಿತ ಪದವಾದ್ದರಿಂದ ಎಚ್ಚರವಾಗಿ ಓದಿದ್ದಾಳೆ. ಎಡವಿದ್ದೆಲ್ಲ ದಿನಾ ಬಳಸುವ ಪದಗಳಲ್ಲಿ.

‘ಚಿಕ್ಕಮ್ಮ, ವ್ಯಂಗ್ಯಾರ್ಥ ಅಂದ್ರೆ ಟಾಂಗ್ ಕೊಡೋದು ಅಲ್ವಾ?’

ಅಲ್ಲ ಕಣೇ. ಅಲ್ಲಿಂದ ಶುರುವಾಯಿತು.

ಮೊದಲು ನನ್ನ ಹಳೇ ಗಾಯ, ಉತ್ಪ್ರೇಕ್ಷೆಯನ್ನೇ ಮುಗಿಸುತ್ತೇನೆ. ಉತ್, ಪ್ರ, ಈಕ್ಷೆ. ಈಕ್ಷೆ ಅಂದರೆ ನೋಟ. ಕಣ್ಣೆದುರು ಇರುವುದನ್ನು ದಾಟಿ ಇನ್ನೇನನ್ನೋ ಕಾಣುವ ನೋಟ ಅಂದುಕೊಳ್ಳಿ. ಒಂದು ವಸ್ತುವನ್ನು ಇನ್ನೊಂದು ಇರಬಹುದೇನೋ ಎಂದು ಊಹಿಸುವುದೇ ಅಲಂಕಾರದವರ ಉತ್ಪ್ರೇಕ್ಷೆ. ಶಾಸ್ತ್ರದಲ್ಲಿ ಈ ಊಹೆಗೆ ಇಟ್ಟಿರುವ ಹೆಸರು ‘ಸಂಭಾವನೆ’. ನೋಡಿ, ಮತ್ತೊಂದು ಗುಂಡಿ. ನಮಗೆ ಸಂಭಾವನೆ ಅಂದರೆ ಭಾಷಣ ಮಾಡಿದ ಮೇಲೆ ಕವರಿನಲ್ಲಿ ಕೊಡುವ ದುಡ್ಡು!

ವ್ಯಾಖ್ಯೆ ಹೇಳಿದರೆ ಅವಳಿಗೆ ನಿದ್ದೆ ಬರುತ್ತದೆ, ನನಗೂ ಅಷ್ಟೆ. ಹಾಗಾಗಿ ಒಂದೇ ಒಂದು ಚಿತ್ರ ಹಿಡಿದುಕೊಂಡೆವು. ಗುಡ್ಡದ ಮೇಲೆ ಕಪ್ಪು ಮೋಡ. ನೋಡಿದರೆ ಆನೆ ನೆನಪಾಗುತ್ತದೆ. ಇಷ್ಟೇ ಬಂಡವಾಳ. ‘ಮೋಡ ಆನೆಯ ಹಾಗೆ ನಿಧಾನವಾಗಿ ಬಂತು’ ಅಂದರೆ ಉಪಮೆ. ಮೋಡ ಉಪಮೇಯ, ಆನೆ ಉಪಮಾನ, ‘ಹಾಗೆ’ ಎಂಬುದು ಹೋಲಿಕೆಯನ್ನು ಸೂಚಿಸುವ ವಾಚಕ, ನಿಧಾನವಾಗಿ ಬರುವುದು ಇಬ್ಬರಿಗೂ ಸೇರಿದ ಗುಣ, ಅದೇ ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಕಾಣೆಯಾದರೆ ಲುಪ್ತೋಪಮೆ. ಈಗ ‘ಹಾಗೆ’ಯನ್ನು ಕಿತ್ತು ಎರಡನ್ನೂ ಒಂದೇ ಮಾಡಿ: ‘ಮೋಡದಾನೆ ಗುಡ್ಡ ಹತ್ತಿತು.’ ರೂಪಕ. ‘ಅದು ಮೋಡವೋ ಆನೆಯೋ?’ ಅಂದರೆ ಸಂದೇಹ. ಅದು ಅಲಂಕಾರದ ಹೆಸರೂ ಹೌದು. ‘ಅದು ಮೋಡವಲ್ಲ, ಆನೆ’ ಎಂದು ಇರುವುದನ್ನೇ ಅಲ್ಲಗಳೆದರೆ ಅಪಹ್ನುತಿ. ಕಾವಲುಗಾರ ನಿಜವಾಗಿಯೂ ಆನೆ ಬಂತೆಂದು ತಿಳಿದು ಮರ ಹತ್ತಿಬಿಟ್ಟರೆ ಭ್ರಾಂತಿಮಾನ್. (ನನಗೆ ಎಲ್ಲಕ್ಕಿಂತ ಇಷ್ಟ ಇದು. ಪಾಪ ಕಾವಲುಗಾರ.) ‘ಆನೆಗೆ ಅಂಕುಶದ ಭಯವಿದೆ, ಈ ಮೋಡಕ್ಕೆ ಅದೂ ಇಲ್ಲ’ ಎಂದು ಮೋಡವನ್ನು ಒಂದು ಕೈ ಮೇಲಿಟ್ಟರೆ ವ್ಯತಿರೇಕ. ಹೋಲಿಕೆಯನ್ನೇ ತಿರುಗಿಸಿ ‘ಆನೆ ಮೋಡದ ಹಾಗಿದೆ’ ಅಂದರೆ ಪ್ರತೀಪ.

ಈಗ ಬರುತ್ತದೆ ನೋಡಿ. ‘ಬಾಯಾರಿದ ಆನೆಯೇ ಕೆರೆಗೆ ಬಗ್ಗಿತೋ ಎಂಬಂತೆ ಮೋಡ ಇಳಿಯಿತು.’ ಇದು ಉತ್ಪ್ರೇಕ್ಷೆ. ಇಲ್ಲಿ ಹೇಳುವವನಿಗೆ ಅದು ಮೋಡ ಎಂದು ಗೊತ್ತು. ಗೊತ್ತಿದ್ದೂ ಆನೆ ಇರಬಹುದು ಎಂದು ಮನಸ್ಸನ್ನು ಹರಿಯಬಿಡುತ್ತಾನೆ. ಸಂದೇಹದಲ್ಲಿ ತಕ್ಕಡಿ ಎರಡೂ ಕಡೆ ಸಮ. ಉತ್ಪ್ರೇಕ್ಷೆಯಲ್ಲಿ ಆನೆಯ ಕಡೆ ವಾಲಿದೆ. ಇನ್ನು ಮೋಡದ ಹೆಸರನ್ನೇ ಎತ್ತದೆ ‘ಆಕಾಶದಲ್ಲಿ ಆನೆಗಳ ಹಿಂಡು ನಡೆಯಿತು’ ಅಂದುಬಿಟ್ಟರೆ ಅತಿಶಯೋಕ್ತಿಯ ಒಂದು ಬಗೆ. ಉಪಮಾನ ಉಪಮೇಯವನ್ನು ಪೂರ್ತಿ ನುಂಗಿಹಾಕಿದೆ.

ಶಾಲೆಯಲ್ಲಿ ಒಂದು ಉಪಾಯ ಹೇಳಿಕೊಡುತ್ತಾರೆ: ‘ಅಂತೆ’, ‘ಹಾಗೆ’, ‘ವೋಲ್’ ಇದ್ದರೆ ಉಪಮೆ, ‘ಎಂಬಂತೆ’, ‘ಎನ್ನುವ ಹಾಗೆ’ ಇದ್ದರೆ ಉತ್ಪ್ರೇಕ್ಷೆ. ಹತ್ತರಲ್ಲಿ ಎಂಟು ಸಲ ಕೆಲಸ ಮಾಡುತ್ತದೆ. ಉಳಿದ ಎರಡರಲ್ಲಿ ಕೈ ಕೊಡುತ್ತದೆ. ‘ನಾನು ಹೇಳಿದಂತೆ ಬಂದ’ ಅನ್ನುವುದರಲ್ಲೂ ‘ಅಂತೆ’ ಇದೆ, ಅದರಲ್ಲಿ ಯಾವ ಉಪಮೆಯೂ ಇಲ್ಲ. ಅವಳ ನೋಟ್ಸಿನಲ್ಲಿ ಇಂಥದ್ದೇ ಒಂದು ವಾಕ್ಯದ ಕೆಳಗೆ ಉಪಮೆ ಎಂದು ಗೆರೆ ಎಳೆದಿತ್ತು.

ಹದಿನಾರನೇ ಶತಮಾನದ ಸಂಸ್ಕೃತ ಅಲಂಕಾರಶಾಸ್ತ್ರಜ್ಞ ಅಪ್ಪಯ್ಯ ದೀಕ್ಷಿತ ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿದ್ದಾನೆ. ಉಪಮೆ ಒಬ್ಬಳೇ ನಟಿಯಂತೆ, ಬೇರೆ ಬೇರೆ ವೇಷ ಹಾಕಿಕೊಂಡು ಕಾವ್ಯದ ರಂಗದ ಮೇಲೆ ಬಂದು ಕುಣಿಯುತ್ತಾಳಂತೆ. ಇದನ್ನು ಹೇಳಿದಾಗ ನಮ್ಮ ಹುಡುಗಿ ‘ಮೊದಲೇ ಹೀಗೆ ಹೇಳಿದ್ರೆ ಆಗ್ತಿತ್ತಲ್ಲ’ ಅಂದಳು. ಮೊದಲೇ ಹೇಳಿದ್ದರೆ ಅರ್ಥ ಆಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೋಡದ ಎಲ್ಲ ವೇಷ ನೋಡಿದ ಮೇಲೆಯೇ ಆ ಮಾತಿಗೆ ರುಚಿ.

ಸರಿ, ರೂಪಕ. ಅಲಂಕಾರವಾದರೆ ಮೋಡದಾನೆ. ಆದರೆ ನಾಟಕದ ಪಾಠಕ್ಕೆ ಹೋದರೆ ‘ದಶರೂಪಕ’ ಎಂದು ಬರುತ್ತದೆ. ಅಲ್ಲಿ ರೂಪಕ ಅಂದರೆ ನಾಟಕ, ರಂಗದ ಮೇಲೆ ಆಡಿ ತೋರಿಸುವಂಥದ್ದು. ರೇಡಿಯೋ ಕೇಳುವವರಿಗೆ ಗೀತರೂಪಕ ಗೊತ್ತು. ಸಂಗೀತ ಕಲಿತವರಿಗೆ ರೂಪಕ ಒಂದು ತಾಳ. ನಾಲ್ಕು ಮನೆ, ಒಂದೇ ನಾಮಫಲಕ. ಪ್ರಶ್ನೆಪತ್ರಿಕೆಯಲ್ಲಿ ‘ರೂಪಕ ಕುರಿತು ಟಿಪ್ಪಣಿ ಬರೆಯಿರಿ’ ಎಂದು ಮಾತ್ರ ಇದ್ದರೆ, ಅದು ಯಾವ ಪತ್ರಿಕೆ ಎಂದು ಮೇಲೆ ಕಣ್ಣು ಹಾಯಿಸಿ ಬರೆಯುವುದು ಒಳ್ಳೆಯದು.

ಅನುಭಾವದ ಕತೆ ಇನ್ನೂ ಮಜವಾಗಿದೆ. ವಚನ ಸಾಹಿತ್ಯ ಓದುವಾಗ ಅನುಭಾವ ಅಂದರೆ ಆಧ್ಯಾತ್ಮಿಕ ಅನುಭವ, ದೇವರನ್ನು ಒಳಗೇ ಕಂಡುಕೊಂಡಿದ್ದು. ಅಲ್ಲಮ, ಅಕ್ಕಮಹಾದೇವಿ ಅನುಭಾವಿಗಳು. ಅದೇ ವಾರ ರಸದ ಪಾಠದಲ್ಲಿ ವಿಭಾವ, ಅನುಭಾವ, ಸಂಚಾರಿಭಾವ ಬರುತ್ತವೆ. ನಾಟ್ಯಶಾಸ್ತ್ರದ ಭರತನ ಲೆಕ್ಕದಲ್ಲಿ ಅನುಭಾವ ಅಂದರೆ ಒಳಗಿನ ಭಾವವನ್ನು ಹೊರಗೆ ತೋರಿಸುವ ಚಹರೆ. ಕಣ್ಣು ಕೆಂಪಾಗುವುದು, ತುಟಿ ನಡುಗುವುದು, ಬೆವರುವುದು. ಹೆದರಿಕೆಗೆ ಕಾರಣವಾದ ಹುಲಿ ವಿಭಾವ, ಓಡಿದ್ದು ಅನುಭಾವ, ಓಡುವಾಗ ನಡುನಡುವೆ ಬಂದುಹೋಗುವ ಚಿಂತೆ, ದೈನ್ಯ ಇವೆಲ್ಲ ಸಂಚಾರಿ. ಉದ್ದಕ್ಕೂ ಗಟ್ಟಿಯಾಗಿ ನಿಂತಿರುವ ಭಯ ಸ್ಥಾಯಿ. ನೋಡುತ್ತಾ ಕೂತ ನಮಗೆ ಸಿಗುವುದು ಭಯಾನಕ ರಸ. ಸಂಚಾರಿಗಳು 33 ಎಂದು ಲೆಕ್ಕ ಕೊಟ್ಟಿದ್ದಾನೆ ಭರತ. ಅಷ್ಟನ್ನೂ ಬಾಯಿಪಾಠ ಮಾಡಲು ಹೋಗಬೇಡ ಎಂದು ಅವಳಿಗೆ ಹೇಳಿದೆ. ಅವನು ಹೇಳಿದ ರಸಗಳು ಎಂಟು, ಒಂಬತ್ತನೆಯ ಶಾಂತ ಆಮೇಲೆ ಸೇರಿದ್ದು. ಇದಷ್ಟು ನೆನಪಿದ್ದರೆ ಸಾಕು.

ಒಬ್ಬ ವಿದ್ಯಾರ್ಥಿ ‘ದುಷ್ಯಂತನ ಅನುಭಾವ’ ಎಂಬ ಪ್ರಶ್ನೆಗೆ ದುಷ್ಯಂತ ಮಹಾಯೋಗಿ ಎಂದು ಬರೆದರೆ ತಪ್ಪು ಅವನದ್ದು ಮಾತ್ರ ಅಂತ ನನಗೆ ಅನಿಸುವುದಿಲ್ಲ.

ಛಂದಸ್ಸಿಗೆ ಬಂದಾಗ ಅವಳ ದನಿಯೇ ಇಳಿಯಿತು. ಎಲ್ಲರಿಗೂ ಹಾಗೇ. ಇಲ್ಲೂ ಮೊದಲ ಕಾಟ ಗೊತ್ತಿರುವ ಪದದ್ದೇ. ಗುರು ಅಂದರೆ ಮೇಷ್ಟ್ರಲ್ಲ, ಭಾರ. ಲಘು ಅಂದರೆ ಹಗುರ. ಹಗುರದ್ದಕ್ಕೆ ಒಂದು ಮಾತ್ರೆ, ಭಾರದ್ದಕ್ಕೆ ಎರಡು. (ಮಾತ್ರೆ ಅಂದರೆ ಜ್ವರಕ್ಕೆ ನುಂಗುವುದಲ್ಲ, ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ ಎಂದು ಬೇರೆ ಹೇಳಬೇಕಾಗಿಲ್ಲ ಅಲ್ವಾ?) ದೀರ್ಘ, ಸೊನ್ನೆ ಅಥವಾ ವಿಸರ್ಗ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವು ಗುರು. ಬಾಯಲ್ಲಿ ಹೇಳಿ ನೋಡಿದರೆ ನಾಲಿಗೆಗೇ ಗೊತ್ತಾಗುತ್ತದೆ.

ಈ ಗುರು ಲಘುಗಳ ಗುಂಪೇ ಗಣ. ಮೂರು ಮೂರು ಅಕ್ಷರದ ಗಣಗಳಿಗೆ ಎಲ್ಲರೂ ಕಲಿತ ಪದ್ಯ ಒಂದಿದೆ:

ಗುರು ಲಘು ಮೂರಿರೆ ಮನಗಣ
ಗುರು ಲಘು ಮೊದಲಲ್ಲಿ ಬರಲು ಭಯಗಣಮೆಂಬರ್
ಗುರು ಲಘು ನಡುವಿರೆ ಜರಗಣ
ಗುರು ಲಘು ಕೊನೆಯಲ್ಲಿ ಬರಲು ಸತಗಣಮಕ್ಕುಂ

ನಾನು ಇದನ್ನು ಮಗ್ಗಿಯ ಹಾಗೆ ಎಷ್ಟೋ ವರ್ಷ ಹೇಳಿದ್ದೇನೆ. ‘ಭಯಗಣ’ ಅಂದರೆ ಹೆದರಿಸುವ ಗಣ ಅಂದುಕೊಂಡಿದ್ದ ಗೆಳತಿಯೊಬ್ಬಳಿದ್ದಳು! ಗುರು ಮೊದಲು ಬಂದರೆ ಭಗಣ, ಲಘು ಮೊದಲು ಬಂದರೆ ಯಗಣ, ಅಷ್ಟೇ. ಆದರೆ ಈ ಪದ್ಯವೇ ಕಂದಪದ್ಯ ಎಂಬ ಹಳೆಯ ಛಂದಸ್ಸಿನಲ್ಲಿದೆ ಎಂದು ನನಗೆ ಹೊಳೆದಿದ್ದು ತುಂಬಾ ತಡವಾಗಿ. ಲೆಕ್ಕ ಹಾಕಿ ನೋಡಿ, ಕಂದದಲ್ಲಿ ಗಣ ಮಾಡುವುದು ಅಕ್ಷರ ಎಣಿಸಿ ಅಲ್ಲ, ಮಾತ್ರೆ ಎಣಿಸಿ. ಗುರುಲಘು, ಮೂರಿರೆ, ಮನಗಣ: ನಾಲ್ಕು ನಾಲ್ಕು ಮಾತ್ರೆಯ ಮೂರು ಗಣ, ಒಟ್ಟು 12. ಎರಡನೇ ಸಾಲಿನಲ್ಲಿ ಐದು ಗಣ, 20 ಮಾತ್ರೆ. ಮೂರು ಮತ್ತು ನಾಲ್ಕನೇ ಸಾಲು ಇದೇ ಥರ. ಕಂದಕ್ಕೆ ಇನ್ನೊಂದು ಕಟ್ಟುನಿಟ್ಟಿದೆ, ಆರನೆಯ ಗಣ ನಡುವೆ ಗುರು ಇರುವ ಜಗಣ ಇರಬೇಕು ಇಲ್ಲವೇ ನಾಲ್ಕೂ ಲಘು ಇರಬೇಕು. ಎಣಿಸಿಕೊಂಡು ಬನ್ನಿ, ಆರನೆಯದು ‘ಲ್ಲಿಬರಲು’. ನಾಲ್ಕೂ ಲಘು. ಗಣ ಕಲಿಸುವ ಪದ್ಯ ತಾನೇ ಗಣ ತಪ್ಪದೆ ನಿಂತಿದೆ. ಇದನ್ನು ಫೋನಿನಲ್ಲಿ ಬೆರಳು ಮಡಿಸಿ ಎಣಿಸಿದಾಗ ಆ ಕಡೆಯಿಂದ ‘ಅಯ್ಯೋ ಹೌದು’ ಎಂದು ಒಂದು ಕೂಗು ಬಂತು. ಅದೊಂದು ಕೂಗಿಗೆ ನನ್ನ ಇಡೀ ಸಂಜೆ ಸಾರ್ಥಕ.

ಆ ಪದ್ಯದಲ್ಲಿ ನಾಲ್ಕು ಸಾಲೂ ‘ಗುರು’ ಎಂದೇ ಶುರುವಾಗುತ್ತವಲ್ಲ, ಅದು ಪ್ರಾಸ. ಮತ್ತೆ ಮೋಸದ ಪದ. ಆಟ, ಊಟ, ಪಾಠ ಅಂತ ಕೊನೆಯಲ್ಲಿ ಬರುವುದನ್ನು ನಾವು ಪ್ರಾಸ ಎನ್ನುತ್ತೇವೆ. ಹಳೆಯ ಕನ್ನಡ ಕವಿಗೆ ಪ್ರಾಸ ಅಂದರೆ ಸಾಲಿನ ಎರಡನೆಯ ಅಕ್ಷರ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಕುಮಾರವ್ಯಾಸ ಭಾರತ ಶುರುವಾಗುವುದನ್ನೇ ತೆಗೆದುಕೊಳ್ಳಿ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ

ಶ್ರೀವ, ಜೀವ, ಪಾವ. ಎರಡನೆಯದು ‘ವ’. ‘ರಾಜೀವ’ ಎಂಬ ಪದವನ್ನು ನಡುವೆ ಮುರಿದು ‘ರಾ’ವನ್ನು ಮೇಲೆಯೇ ಬಿಟ್ಟಿದ್ದಾನೆ ನೋಡಿ, ಪದ ಮುರಿದರೂ ಪರವಾಗಿಲ್ಲ, ‘ವ’ ಮಾತ್ರ ಅದರ ಜಾಗದಲ್ಲೇ ಇರಬೇಕು. ಈಗ ತಾಳ ಹಾಕಿ: ಶ್ರೀವ, ನಿತೆಯರ, ಸನೆವಿ, ಮಲರಾ. ಮೂರು, ನಾಲ್ಕು, ಮೂರು, ನಾಲ್ಕು. ಎರಡನೇ ಸಾಲೂ ಹಾಗೆಯೇ. ಮೂರನೆಯದು ಉದ್ದ, ಮೂರು ನಾಲ್ಕು ಮೂರು ಸಲ ಬಂದು ಕೊನೆಗೆ ಒಂದು ಗುರು. ‘ದಾತಾರ’ದ ಕೊನೆಯ ‘ರ’ ಲಘುವೇ ಆದರೂ ಸಾಲಿನ ಕೊನೆಯಲ್ಲಿ ಎಳೆದು ನಿಲ್ಲಿಸುವುದರಿಂದ ಗುರು ಎಂದು ಲೆಕ್ಕ. ಇಂಥ ಆರು ಸಾಲು ಸೇರಿದರೆ ಭಾಮಿನಿ ಷಟ್ಪದಿ, ಒಟ್ಟು 102 ಮಾತ್ರೆ. ಗಮಕಿಗಳು ಇದನ್ನು ಓದುವುದನ್ನು ಒಂದು ಸಲ ಕೇಳಿ. ಆಮೇಲೆ ಭಾಮಿನಿಯ ಲಕ್ಷಣ ಬರೆಯಿರಿ ಅಂದರೆ ಪುಸ್ತಕ ಬೇಡ, ಕಿವಿಯೇ ಬರೆಸುತ್ತದೆ.

ಎರಡನೆಯ ಅಕ್ಷರದ ಹಿಂದೆ ಏನಿದೆ ಎಂಬುದರ ಮೇಲೆ ಪ್ರಾಸಕ್ಕೂ ಆರು ಹೆಸರಿವೆ. ಹಿಂದಿನದು ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಸೊನ್ನೆ ಇದ್ದರೆ ವೃಷಭ, ವಿಸರ್ಗ ಇದ್ದರೆ ಅಜ ಅಂದರೆ ಆಡು. ಎರಡನೆಯದೇ ವಿಜಾತೀಯ ಒತ್ತಕ್ಷರವಾದರೆ ಶರಭ, ಸಜಾತೀಯವಾದರೆ ಹಯ. ಒಂದು ಸಣ್ಣ ಮೃಗಾಲಯ. ಹಾಗಾದರೆ ಶ್ರೀವ-ಜೀವ-ಪಾವ ಯಾವ ಪ್ರಾಣಿ ಎಂದು ಕೇಳಿದೆ. ‘ಆನೆ!’ ಮೋಡದಿಂದ ಇಳಿದು ಇಲ್ಲಿಗೂ ಬಂತು.

1911ರಲ್ಲಿ ಎಂ. ಗೋವಿಂದ ಪೈ ಈ ಪ್ರಾಸವನ್ನು ಕೈಬಿಟ್ಟು ಬರೆಯಲು ಹೊರಟರು. ಇವತ್ತು ನಮಗೆ ಇದೇನು ದೊಡ್ಡ ವಿಷಯ ಅನಿಸಬಹುದು. ಆದರೆ ಸಾವಿರ ವರ್ಷ ಕವಿಗಳು ಬಿಡದೆ ಹಿಡಿದುಕೊಂಡು ಬಂದದ್ದು ಅದು. ಆಮೇಲೆ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದಾಗ ಹೊಸ ಲಯಗಳಿಗೆ ದಾರಿ ಇನ್ನಷ್ಟು ಸಲೀಸಾಯಿತು. ನಿಧಾನವಾಗಿ ಪ್ರಾಸ ಎಂಬ ಪದವೇ ಸಾಲಿನ ತಲೆಯಿಂದ ಬಾಲಕ್ಕೆ ಜಾರಿತು.

ರಗಳೆಯನ್ನು ಬಿಡುವ ಹಾಗೇ ಇಲ್ಲ. ಮನೆಯಲ್ಲಿ ‘ಏನೇ ನಿನ್ನ ರಗಳೆ’ ಅಂದರೆ ತಲೆಹರಟೆ, ಕಿರಿಕಿರಿ. ಛಂದಸ್ಸಿನಲ್ಲಿ ಅದು ಸಾಲಿನ ಮೇಲೆ ಸಾಲು ಎಷ್ಟು ಬೇಕಾದರೂ ಹರಿಯುವ ಕಟ್ಟು. ಹರಿಹರ ಶಿವಶರಣರ ಕತೆಗಳನ್ನೆಲ್ಲ ಅದರಲ್ಲೇ ಹೇಳಿದ. ರಗಳೆಯ ಕವಿ ಎಂದು ಅವನನ್ನು ಆಡಿಕೊಂಡರೆಂದೂ, ಅದಕ್ಕೇ ‘ಗಿರಿಜಾಕಲ್ಯಾಣ’ವನ್ನು ಗದ್ಯ ಪದ್ಯ ಬೆರೆತ ಚಂಪುವಿನಲ್ಲಿ ಬರೆದು ತೋರಿಸಿದನೆಂದೂ ಒಂದು ಕತೆ ಇದೆ. ಇನ್ನು ಐದೈದು ಮಾತ್ರೆಯ ನಾಲ್ಕು ಗಣ ಇಟ್ಟುಕೊಂಡು ಪ್ರಾಸ ಬಿಟ್ಟರೆ ಸರಳ ರಗಳೆ. ನಮ್ಮ ಹುಡುಗಿ ಇದನ್ನು ‘ಸಿಂಪಲ್ ಕಿರಿಕಿರಿ’ ಎಂದು ಬರೆದುಕೊಂಡಿದ್ದಾಳಂತೆ. ಬರೆದುಕೊಳ್ಳಲಿ, ಮರೆಯುವುದಿಲ್ಲ.

ಅಂಶಗಣ, ಅಂದರೆ ಬ್ರಹ್ಮ, ವಿಷ್ಣು, ರುದ್ರ ಗಣಗಳು, ತ್ರಿಪದಿ, ಸಾಂಗತ್ಯ, ಇವನ್ನು ಆ ದಿನ ಮುಟ್ಟಲಿಲ್ಲ. ಅದಕ್ಕೆ ಹಾಡಬೇಕು. ನನಗೆ ಹಾಡಲು ಬರುವುದಿಲ್ಲ.

ಹೊಸಗಾಲದ ವಿಮರ್ಶೆಯ ಪದಗಳಲ್ಲೂ ಇದೇ ಗೋಳು. ಪ್ರತಿಮೆ ಅಂದರೆ ವೃತ್ತದಲ್ಲಿ ನಿಲ್ಲಿಸುವ ಕಲ್ಲಿನದ್ದಲ್ಲ, ಪದ್ಯ ಓದಿದಾಗ ಕಣ್ಣು, ಕಿವಿ, ಚರ್ಮಕ್ಕೆ ತಟ್ಟುವ ಚಿತ್ರ. ವೃತ್ತ ಅಂದರೆ ಸರ್ಕಲ್ ಅಲ್ಲ, ಅಕ್ಷರ ಎಣಿಸಿ ಕಟ್ಟಿದ ಪದ್ಯ. ವಸ್ತುಪ್ರತಿರೂಪ ಮಾತ್ರ ಈ ಕಾಟ ಕೊಡುವುದಿಲ್ಲ, ಅದು ಇಂಗ್ಲಿಷ್ ಕವಿ, ವಿಮರ್ಶಕ ಟಿ.ಎಸ್. ಎಲಿಯಟ್ 1919ರಲ್ಲಿ ಹ್ಯಾಮ್ಲೆಟ್ ನಾಟಕದ ಬಗ್ಗೆ ಬರೆಯುವಾಗ ಬಳಸಿದ ‘ಆಬ್ಜೆಕ್ಟಿವ್ ಕೋರಿಲೇಟಿವ್’ ಎಂಬ ಪದಕ್ಕೆ ನಮ್ಮವರು ಮಾಡಿಕೊಂಡದ್ದು. ಭಾವವನ್ನು ನೇರವಾಗಿ ಹೇಳದೆ, ಆ ಭಾವ ತಾನಾಗಿ ಹುಟ್ಟುವಂಥ ವಸ್ತು, ಸನ್ನಿವೇಶ, ಘಟನೆಗಳನ್ನು ಇಡುವುದು. ವಿಭಾವದ ನೆಂಟ ಅನ್ನಬಹುದು, ಆದರೆ ಎರಡೂ ಒಂದೇ ಎಂದು ಬರೆದರೆ ಮತ್ತೆ ಕೆಂಪು ಗೆರೆ.

ಕೊನೆಗೆ ಉಳಿದದ್ದು ಅವಳು ಮೊದಲು ಕೇಳಿದ ವ್ಯಂಗ್ಯ. ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯದ ಜೀವ ಇರುವುದು ಧ್ವನಿಯಲ್ಲಿ ಅಂದ. ಧ್ವನಿ ಅಂದರೆ ಇಲ್ಲಿ ಸದ್ದಲ್ಲ, ಹೇಳದೆ ಕೇಳಿಸುವ ಅರ್ಥ. ಹಾಗೆ ಸೂಚಿತವಾದ ಅರ್ಥವೇ ವ್ಯಂಗ್ಯಾರ್ಥ. ಅದರಲ್ಲಿ ಕುಹಕ ಇರಲೇಬೇಕೆಂದಿಲ್ಲ, ಪ್ರೀತಿ ಇರಬಹುದು, ದುಃಖ ಇರಬಹುದು. ಅದೇ ಶತಮಾನದ ನಮ್ಮ ಕವಿರಾಜಮಾರ್ಗವೂ ಧ್ವನಿಯ ಹೆಸರು ಎತ್ತುತ್ತದೆ. ಆದರೆ ಅದನ್ನು ಅಲಂಕಾರಗಳಲ್ಲಿ ಒಂದು ಎಂದು ಸೇರಿಸಿಕೊಳ್ಳುತ್ತದೆ.

ಹಳೆಯವರು ಕೊಡುವ ಉದಾಹರಣೆ ‘ಸೂರ್ಯ ಮುಳುಗಿದ’ ಎಂಬ ಎರಡು ಪದ. ದನ ಕಾಯುವವನಿಗೆ ಮನೆಗೆ ಹೊಡೆದುಕೊಂಡು ಹೋಗು ಎಂದು ಕೇಳಿಸುತ್ತದೆ. ಸಂಧ್ಯಾವಂದನೆ ಮಾಡುವವನಿಗೆ ಹೊತ್ತಾಯಿತು ಎಂದು. ಕಳ್ಳನಿಗೆ ಇನ್ನು ಹೊರಡಬಹುದು ಎಂದು. ಕಾದು ಕೂತವಳಿಗೆ ಅವನು ಇವತ್ತೂ ಬರಲಿಲ್ಲ ಎಂದು. ವಾಚ್ಯಾರ್ಥ, ಅಂದರೆ ಪದಗಳ ನೇರ ಅರ್ಥ, ಒಂದೇ: ಸೂರ್ಯ ಮುಳುಗಿದ. ಉಳಿದದ್ದನ್ನೆಲ್ಲ ಕೇಳುವವರು ತಂದುಕೊಂಡರು. ಹಾಗಂತ ಸುಮ್ನೆ ಮನಸ್ಸಿಗೆ ಬಂದದ್ದನ್ನೆಲ್ಲ ಧ್ವನಿ ಅನ್ನುವಂತಿಲ್ಲ, ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದು ಅದನ್ನು ಹಿಡಿದಿಟ್ಟಿರುತ್ತದೆ. ಇದನ್ನು ಹಿಡಿಯಬಲ್ಲವನೇ ಸಹೃದಯ. ಇದೂ ‘ಒಳ್ಳೆಯ ಮನಸ್ಸಿನವರು’ ಅಂತಲ್ಲ. ಕಾವ್ಯವನ್ನು ಓದಿ ಓದಿ ಮನಸ್ಸೆಂಬ ಕನ್ನಡಿಯನ್ನು ತಿಕ್ಕಿ ತಿಳಿಮಾಡಿಕೊಂಡವನು ಎಂದು ಆನಂದವರ್ಧನನಿಗೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಹೇಳುತ್ತಾನೆ. ತುಂಬ ಸಜ್ಜನರಾಗಿದ್ದೂ ಪದ್ಯ ಮುಟ್ಟದವರು ಈ ಲೆಕ್ಕಕ್ಕೆ ಬರುವುದಿಲ್ಲ, ಮಹಾ ಜಗಳಗಂಟ ಬರಬಹುದು.

ನಾನು ಈ ಕನ್ನಡಿಯ ವಿಷಯ ಹಿಡಿದು ಇನ್ನೂ ಹತ್ತು ನಿಮಿಷ ಮಾತಾಡುವ ಉತ್ಸಾಹದಲ್ಲಿದ್ದೆ. ಅಷ್ಟರಲ್ಲಿ ಅವಳು ಮೆಲ್ಲಗೆ, ‘ಚಿಕ್ಕಮ್ಮ, ಫೋನಲ್ಲಿ ಚಾರ್ಜು ಐದು ಪರ್ಸೆಂಟ್ ಇದೆ’ ಅಂದಳು.

‘ವಾಚ್ಯಾರ್ಥ ಗೊತ್ತಾಯ್ತು’ ಅಂದೆ.

‘ಇನ್ನೊಂದೂ ಗೊತ್ತಾಗಿರತ್ತೆ ಬಿಡಿ’ ಎಂದು ನಕ್ಕು ಇಟ್ಟಳು.